ಸೂರಮ್ಮ ನೆತ್ತಿಯಿಂದ ನೋಡಿದ್ದು

ಮೊಳಕಾಲ್ಮೂರಿನ ರೇಷ್ಮೆ ನೇಕಾರ್ತಿ ಸೂರಮ್ಮನಿಗೆ ದೇವರ ಮೇಲೆ ಮುನಿಸು ಎಂಬ ಮಾತು ಕೇರಿಯಲ್ಲಿತ್ತು. ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿಯೂ ಗುಡಿಯೊಳಗೆ ಕಾಲಿಡದೆ, ಬಂಡೆಗಳ ಏಣಿನ ಮೇಲೆ ನಡೆದು ನೆತ್ತಿ ಮುಟ್ಟಿ ಹಿಂದಿರುಗುತ್ತಾಳಂತೆ. ಹತ್ತುತ್ತಿದ್ದದ್ದು ನಿಜ, ಮುನಿಸು ಸುಳ್ಳು. ಅವಳು ಹೋಗುತ್ತಿದ್ದದ್ದು ತನ್ನ ಕಣ್ಣನ್ನು ಪರೀಕ್ಷಿಸಿಕೊಳ್ಳಲು. ದೃಷ್ಟಿಗೆ ಮಂಜು ಕವಿಯತೊಡಗಿತ್ತು. ಮಗ್ಗದಲ್ಲಿ ಕೈಯ ರೂಢಿ ಆ ಕೊರತೆಯನ್ನು ಮುಚ್ಚಿಡುತ್ತಿತ್ತು. ನೆತ್ತಿಯಿಂದ ದೂರದ ಗಾಳಿಯಂತ್ರದ ರೆಕ್ಕೆಗಳು ಕಾಣುವವರೆಗೆ ನೇಯುವುದು, ಕಾಣದ ದಿನ ಮಗ್ಗ ಬಿಡುವುದು ಎಂದು ಅವಳು ಯಾರಿಗೂ ಹೇಳದೆ ನಿಶ್ಚಯಿಸಿಕೊಂಡಿದ್ದಳು.

ಕಳೆದ ಮಾಗಿಯಲ್ಲಿ ಸೊಸೆ ಜ್ಯೋತಿಲಕ್ಷ್ಮಿ ಹಟ ಹಿಡಿದು ಜೊತೆಗೆ ಹೊರಟಳು. ಏಣು ಕಿರಿದಾಗಿತ್ತು, ಎರಡೂ ಕಡೆ ಕಡಿದಾದ ಇಳಿಜಾರು. ಗಾಳಿ ಸೆರಗನ್ನು ಎಳೆಯುತ್ತಿತ್ತು.

"ಮೆಲ್ಲಗೆ ಅತ್ತಮ್ಮಾ! ಮೇಕೆ ಥರ ಹತ್ತುತೀರಲ್ರೀ."

"ವಯಸ್ಸು ನಿಂದಾ ನಂದಾ? ಸುಮ್ನೆ ಬಾರೇ."

ನೆತ್ತಿಯಲ್ಲಿ ಸೂರಮ್ಮ ಬಯಲಿನತ್ತ ಮುಖಮಾಡಿ ಬಹಳ ಹೊತ್ತು ನಿಂತಳು. ಕೊನೆಗೆ, "ರೆಕ್ಕೆ ಎಷ್ಟು ಜೋರಾಗಿ ತಿರುಗ್ತೈತೆ ನೋಡು," ಎಂದಳು.

ಜ್ಯೋತಿಲಕ್ಷ್ಮಿ ನೋಡಿದಳು. ಯಂತ್ರ ಕೆಟ್ಟು ನಿಂತಿತ್ತು. ಮುಖಕ್ಕೆ ಬಡಿಯುತ್ತಿದ್ದ ಗಾಳಿಯಿಂದಲೇ ಅತ್ತೆ ಊಹಿಸಿದ್ದಳು.

"ಅದು ನಿಂತೈತೆ, ಅತ್ತಮ್ಮಾ."

ಸೂರಮ್ಮ ಬಯಲಿಗೆ ಬೆನ್ನು ತಿರುಗಿಸಿದಳು. ಇಳಿಯುವಾಗ ತಾನಾಗಿಯೇ ಸೊಸೆಯ ಕೈ ಹಿಡಿದಳು. ದಾರಿಯಲ್ಲಿ ಎಲ್ಲವನ್ನೂ ಹೇಳಿದಳು.

ಈಗ ಮಗ್ಗದಲ್ಲಿ ಕೂರುವವಳು ಜ್ಯೋತಿಲಕ್ಷ್ಮಿ. ಸೂರಮ್ಮ ಪಕ್ಕದಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಾಳೆ. ಕಣ್ಣಿನ ಆಪರೇಷನ್ನಿಗೆ ಒಪ್ಪಿದ್ದಾಳೆ. ಸರದಿ ಇನ್ನೂ ಬಂದಿಲ್ಲ.