ಗುರುಸಂಗಪ್ಪನ ಪಾಲಿನ ಚರಗ

ನನ್ನ ಅಕ್ಷರ ಸೊಟ್ಟ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಜಕ್ಕಲಿಯ ಶೇಖವ್ವ ನನ್ನ ಅಜ್ಜಿ. ಇದು ಅವಳ ಕಥೆ.

ಶೇಖವ್ವನಿಗೆ ಒಬ್ಬನೇ ಅಣ್ಣ, ಗುರುಸಂಗಪ್ಪ. ವಾಯುಸೇನೆಯ ಬಾಂಬು ಹಾಕುವ ವಿಮಾನದಲ್ಲಿ ಕುಳಿತು, ನಕಾಶೆ ನೋಡಿ ಪೈಲಟ್‌ಗೆ ದಾರಿ ಹೇಳುವುದು ಅವನ ಕೆಲಸ. “ಹೊಳೆಆಲೂರ ಸ್ಟೇಶನ್ನಿಗೆ ಹೋಗಂದ್ರ ಹೊಳಿ ದಂಡಿಗೆ ಹೋಗಿ ನಿಂತಾಂವ, ಮುಗಿಲಾಗ ಏನ್ ದಾರಿ ತೋರಿಸ್ತಾನ!” ಎಂದು ಅವರವ್ವ ನಗುತ್ತಿದ್ದಳು. ಎಳ್ಳ ಅಮಾವಾಸ್ಯೆಗೆ ರಜೆ ಸಿಕ್ಕರೆ ಅವನು ಪುಟ್ಟ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ. ರೊಟ್ಟಿ, ಅನ್ನ, ಪಲ್ಯ ಕಲಸಿದ ಚರಗವನ್ನು ಎಲ್ಲರೂ ಭೂಮಿತಾಯಿಗೆಂದು ಬೆಳೆಯ ಸಾಲಿಗೆ ಚೆಲ್ಲಿದರೆ, ಶೇಖವ್ವ ಹೆಗಲ ಮೇಲಿಂದ ಮುಗಿಲಿಗೆ ತೂರುತ್ತಿದ್ದಳು. ಅದು ಅಣ್ಣನ ತಲೆಯ ಮೇಲೇ ಬೀಳುತ್ತಿತ್ತು. “ನನ್ನ ಪಾಲು ಬಂತ ನೋಡ್ರಿ” ಎಂದು ಅವನು ಬಾಯಿ ತೆರೆಯುತ್ತಿದ್ದ.

ಎಪ್ಪತ್ತೊಂದರ ಯುದ್ಧದಲ್ಲಿ ವೈರಿಯ ವಿಮಾನ ಅವನಿದ್ದ ವಿಮಾನವನ್ನು ಆಕಾಶದಲ್ಲೇ ಹೊಡೆದು ಕೆಡವಿತು. ದೇಹ ಸಿಗಲಿಲ್ಲ. ತಂತಿ ಬಂದದ್ದು ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ, ಹೊಲಕ್ಕೆ ಹೋಗಲು ಚಕ್ಕಡಿ ಹೂಡಿದ್ದಾಗ. ಎತ್ತುಗಳನ್ನು ನೊಗದಿಂದ ಬಿಚ್ಚಿದರು. ಅಂದಿಗೆ ಆ ಮನೆಯಲ್ಲಿ ಹಬ್ಬ ನಿಂತಿತು. ಸಾವಿನ ಸುದ್ದಿ ಬಿದ್ದ ಹಬ್ಬವನ್ನು ಮತ್ತೆ ಮಾಡುವಂತಿಲ್ಲ; ಮುಂದೆ ಯಾವುದಾದರೂ ವರ್ಷ ಅದೇ ಹಬ್ಬದ ದಿನ ಮನೆಯಲ್ಲಿ ಕೂಸೋ ಕರುವೋ ಹುಟ್ಟಿದರೆ ಮಾತ್ರ ತಿರುಗಿ ಹಿಡಿಯಬಹುದು.

ಅಣ್ಣನಿಲ್ಲದ ಮನೆಗೆ ಶೇಖವ್ವನ ಗಂಡ ಮನೆಯಳಿಯನಾಗಿ ಬಂದ. ಮಕ್ಕಳು ಹುಟ್ಟಿದರು, ಕರುಗಳು ಹುಟ್ಟಿದವು. ಒಂದೂ ಆ ದಿನ ಹುಟ್ಟಲಿಲ್ಲ. ಊರಿನ ಚಕ್ಕಡಿಗಳು ಹೊಲಕ್ಕೆ ಹೊರಟಾಗ ಅವಳು ಕದ ಮುಂದೆ ಮಾಡಿ ಒಳಗೆ ಕೂರುತ್ತಿದ್ದಳು. ಅಣ್ಣನಿಗೆ ಗೋರಿಯಿಲ್ಲ. ಅವನಿಗೆ ಒಂದು ಹಿಡಿ ಅನ್ನ ಮುಟ್ಟಿಸಬಹುದಾದ ದಿನ ಅದೊಂದೇ ಎಂದು ಅವಳ ನಂಬಿಕೆ. ಈಗ ಮೊಣಕಾಲು ಹಿಡಿದುಕೊಂಡಿವೆ. ತಾನು ಹೋದ ಮೇಲೆ ಅವನ ಹೆಸರು ಹೇಳುವವರು ಯಾರು ಎಂಬುದೇ ಅವಳ ಚಿಂತೆ.

ಈ ವರ್ಷ ಅಮಾವಾಸ್ಯೆಯ ಬೆಳಿಗ್ಗೆ ಆಕಳಿಗೆ ಬ್ಯಾನೆ ಶುರುವಾಯಿತು. ಮಧ್ಯಾಹ್ನವಾದರೂ ಕರು ಬರಲಿಲ್ಲ. ಶೇಖವ್ವನ ಮಗ ಸಿದ್ದಾರೂಢ ಓಡಿಹೋಗಿ, ದನಗಳ ಹೆರಿಗೆ ಬಲ್ಲ ನೆರೆಮನೆಯ ಚಮನಬಿಯನ್ನು ಕರೆತಂದ.

“ಯಕ್ಕಾ, ನೀ ಹಿಂಗ ಕಣ್ ಬಿಟಗೊಂಡ ಕುಂತ್ರ ಅದಕ್ಕ ನಾಚಿಕಿ ಬರ್ತೈತಿ. ಆ ಕಡೆ ಮಾರಿ ಮಾಡು,” ಎಂದಳು ಚಮನಬಿ.

“ಇವತ್ತ ಆಗ್ತೈತೇನ್ ಹೇಳ.”

“ನನಗೇನ್ ಹೇಳಿ ಕೇಳಿ ಬರ್ತೈತೇನ್ ಕರು?”

ಕರುವಿನ ಒಂದು ಕಾಲು ಒಳಗೆ ಮಡಚಿಕೊಂಡಿತ್ತು. ಚಮನಬಿ ಅದನ್ನು ಮೆಲ್ಲಗೆ ಸರಿಮಾಡಿದಳು. ಹೊತ್ತು ಇಳಿಯುವಾಗ ಕರು ನೆಲಕ್ಕೆ ಬಿದ್ದು ಸೀನಿತು.

“ಮುಂದಿನ ವರ್ಷ ಹಬ್ಬ ಜೋರ್ ಮಾಡೂಣ ಯವ್ವಾ,” ಎಂದ ಸಿದ್ದಾರೂಢ.

“ಮುಂದಿನ ವರ್ಷ ಯಾಕ? ಕರು ಇವತ್ತ ಹುಟ್ಟೈತಿ. ಚಕ್ಕಡಿ ಹೂಡು.”

“ಎಲ್ಲಾರೂ ತಿರುಗಿ ಮನಿಗೆ ಬರಾಕತ್ತಾರ. ಮಂದಿ ನಗತಾರ.”

“ನಗ್ಲಿ ಬಿಡು. ಅಣ್ಣ ಹೋದ ಮ್ಯಾಲ ನಮ್ಮ ಮನ್ಯಾಗ ಈ ದಿನ ಯಾರೂ ನಕ್ಕಿದ್ದ ನಾ ನೋಡೇ ಇಲ್ಲ.”

ಹಬ್ಬದಡಿಗೆ ಇರಲಿಲ್ಲ. ಬೆಳಗಿನ ಸಜ್ಜೆರೊಟ್ಟಿ ಮುರಿದು, ಮೊಸರು, ಪುಂಡಿಪಲ್ಯ ಹಾಕಿ ಕಲಸಿಕೊಂಡಳು. ಹೊಲದ ದಾರಿಯಲ್ಲಿ ಎದುರಿಗೆ ಬಂದ ಚಕ್ಕಡಿಯಿಂದ ಯಾರೋ ಕೂಗಿದರು: “ಶೇಖವ್ವಾ, ಹಬ್ಬ ಮುಗದ ಮ್ಯಾಲ ಎಲ್ಲಿಗೆ ಹೊಂಟಿ?”

“ನಮ್ಮದ ಈಗ ಸುರು ಆತೋ!”

ಕಡಲೆ ಹೊಲದಲ್ಲಿ ಮೊದಲು ಭೂಮಿತಾಯಿಗೆ ಚೆಲ್ಲಿದಳು. ಕೊನೆಯ ಹಿಡಿಯನ್ನು “ಅಣ್ಣಾ, ಗುರುಸಂಗಣ್ಣಾ!” ಎಂದು ಮುಗಿಲಿಗೆ ತೂರಿದಳು. ಅದು ಪಕ್ಕದಲ್ಲಿ ನಿಂತಿದ್ದ ಸಿದ್ದಾರೂಢನ ತಲೆಯ ಮೇಲೆ ಬಿತ್ತು.

“ಯವ್ವಾ, ನನ್ನ ತಲಿ!”

“ಅದು ನಿಮ್ಮ ಮಾವನ ಪಾಲು. ಬಾಯಿ ತಗಿ.”

ಅವನು ತೆರೆದ. ಶೇಖವ್ವ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಮನೆಯ ಗೋಡೆಯ ಮೇಲೆ ಅಜ್ಜಿಯ ಅಣ್ಣನ, ನನ್ನ ಆ ಮುತ್ಯಾನ, ಫೋಟೋ ಇದೆ; ಅದರ ಕೆಳಗೆ ಹೆಸರಿಲ್ಲ. ನಾಳೆ ಪಾಟಿಯ ಮೇಲೆ ಅಕ್ಷರ ತಿದ್ದಿಕೊಂಡು, ಅಲ್ಲಿ ಗುರುಸಂಗಪ್ಪ ಎಂದು ಬರೆಯುತ್ತೇನೆ.