ಯಜಮಾನರು ರುಚಿ ನೋಡುವ ಗತ್ತು
ನಮ್ಮ ಚಾಕೊಲೇಟ್ ಕಂಪನಿಯ ಯಜಮಾನರು ರುಚಿ ನೋಡುವ ಗತ್ತನ್ನು ನೀವು ನೋಡಬೇಕಿತ್ತು. ಚೂರೊಂದನ್ನು ಬಾಯಿಗಿಟ್ಟು ಅವರು ಕಣ್ಣು ಮುಚ್ಚಿದರೆ ಅರೆಯುವ ಯಂತ್ರವೂ ಸದ್ದು ಮಾಡಬಾರದು. ಆಮೇಲೆ ಒಂದೇ ಕಣ್ಣು ತೆರೆದು, ಕೋಕೋ ಬೀಜ ಹುರಿಯುವ ನನ್ನತ್ತ ನೋಡುತ್ತಿದ್ದರು. ನಾನೂ ಚೂರು ತಿಂದು ಹೂಂ ಎಂದು ತಲೆಯಾಡಿಸಿದರೆ, "ಆಹಾ, ಕಿತ್ತಳೆ ಘಮ" ಎನ್ನುತ್ತಿದ್ದರು, ಸುಮ್ಮನಿದ್ದರೆ, "ಇನ್ನೊಂದು ದಿನ ಅರೀಲಿ." ಎರಡು ಕೋಣೆಯ ಕಂಪನಿ ನಾಲ್ಕು ಮಹಡಿಯಾಗಿದ್ದು ಹೀಗೆ. ಹಿಂದೆ ಜ್ವರ ಬಂದಾಗ ಹೋದ ಅವರ ಬಾಯಿರುಚಿ ಮತ್ತೆ ಬರಲೇ ಇಲ್ಲವೆಂದು ಬಲ್ಲವಳು ನಾನೊಬ್ಬಳೇ. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ಅಂಥ ನನ್ನನ್ನೇ ಒಂದು ದಿನ, "ಹುರಿಯೋಕೆ ಹೊಸ ಯಂತ್ರ ಬಂತಲ್ಲಮ್ಮ" ಎಂದು ಮನೆಗೆ ಕಳಿಸಿದರು. ವರ್ಷ ತುಂಬುವುದರೊಳಗೆ ಕಂಪನಿ ಬಾಗಿಲು ಹಾಕಿತು. "ಈ ಜನಕ್ಕೆ ರುಚಿನೇ ಗೊತ್ತಿಲ್ಲ" ಎಂದು ಯಜಮಾನರು ಊರೆಲ್ಲ ಹೇಳಿಕೊಂಡು ತಿರುಗಿದರಂತೆ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಜನಕ್ಕಂತೆ, ರುಚಿ ಗೊತ್ತಿಲ್ಲವಂತೆ. ನಿನ್ನೆ ಅವರೇ ನನ್ನ ಮನೆಗೆ ಬಂದು, ಉಳಿದಿದ್ದ ಕೊನೆಯ ಚಾಕೊಲೇಟನ್ನು ಕೈಗಿಟ್ಟು ಮೆಲ್ಲಗೆ ಕೇಳಿದರು, "ನಿಜ ಹೇಳಮ್ಮ, ಹೇಗಿದೆ?" ಬಾಯಿಗಿಟ್ಟರೆ ಬರೀ ಸೀದ ವಾಸನೆ. ವರ್ಷವಿಡೀ ಸೀದದ್ದನ್ನೇ ಮಾರಿ ಜನರನ್ನು ಬೈದವರು, ಎಂದಿನಂತೆ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ನಾನು ತಲೆಯಾಡಿಸಲಿಲ್ಲ.