ಸೈನಿಕನ ಪ್ರತಿಮೆಗೆ ಇಬ್ಬರು ತಾಯಂದಿರು

ನಮ್ಮತ್ತೆ ಬಸಕ್ಕನ ಹೊಟ್ಟೆಕಿಚ್ಚು ನಮ್ಮೂರು ಬುಕ್ಕಸಾಗರಕ್ಕೆಲ್ಲ ಗೊತ್ತು. ಎದುರುಮನೆಯವರು ಹೊಸ ಮಿಕ್ಸಿ ತಂದರೆ ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳು ಸುಮ್ಮಸುಮ್ಮನೆ ಕುಕ್ಕಿಸಿಕೊಳ್ಳುತ್ತವೆ. ಆದರೆ ಹೊನ್ನೂರಮ್ಮನ ಮೇಲಿದ್ದ ಉರಿಯ ಮುಂದೆ ಅದೆಲ್ಲ ಏನೇನೂ ಅಲ್ಲ.

ಇಬ್ಬರೂ ಒಂದೇ ಓಣಿಯವರು, ಒಂದೇ ಗದ್ದೆಯಲ್ಲಿ ಬಗ್ಗಿ ಭತ್ತ ನಾಟಿ ಮಾಡಿದವರು. ಇಬ್ಬರ ಮಕ್ಕಳೂ ಒಟ್ಟಿಗೇ ಮಿಲಿಟರಿ ಸೇರಿದರು. ಹೊನ್ನೂರಮ್ಮನ ಕನಕರಾಜ್ ಗಡಿಯಲ್ಲಿ ತೀರಿಕೊಂಡ. ಅತ್ತೆಯ ಮಗ, ಅಂದರೆ ನನ್ನ ಗಂಡ ಹುಲುಗೇಶ್, ಸರ್ವೀಸ್ ಮುಗಿಸಿ ಬಂದು ಈಗ ವಡ್ಡು ಊರಿನ ಹತ್ತಿರದ ಫ್ಯಾಕ್ಟರಿಯೊಂದರ ಗೇಟಿನಲ್ಲಿ ಸೆಕ್ಯುರಿಟಿ. ಹೊಸಪೇಟೆಯ ಪಾರ್ಕಿನಲ್ಲಿ ಸೈನಿಕನ ಪ್ರತಿಮೆ ನಿಂತ ಮೇಲೆ, ಸ್ವಾತಂತ್ರ್ಯ ದಿನದ ಬೆಳಿಗ್ಗೆ ಹೊನ್ನೂರಮ್ಮನ ಬಾಗಿಲಿಗೆ ಕಾರು ಬರತೊಡಗಿತು. ಮುಂದಿನ ಸಾಲಿನಲ್ಲಿ ಕುರ್ಚಿ, ಶಾಲು, ಹಣ್ಣಿನ ಬುಟ್ಟಿ, ಮಾರನೇ ದಿನ ಪೇಪರಿನಲ್ಲಿ ಫೋಟೊ.

“ಅತ್ತೀ, ಆಕಿ ಮಗನ್ನ ಕಳಕೊಂಡಾಳ್ರಿ,” ಎಂದರೆ ನನ್ನ ಮೇಲೇ ಹಾಯುತ್ತಿದ್ದರು.

“ನನಗ ಗೊತ್ತಿಲ್ಲೇನು? ನನ್ನ ಮಗ ಏನು ಅಲ್ಲಿ ದನ ಕಾಯಾಕ ಹೋಗಿದ್ನಾ? ನಮಗ ಒಂದು ಕಪ್ ಚಾ ಕೊಟ್ಟೋರಿಲ್ಲ!”

ಉರಿಗೆ ಇನ್ನೊಂದು ಕಾರಣವೂ ಇತ್ತು. ಆ ಪ್ರತಿಮೆ ಯಾರೊಬ್ಬರದೂ ಅಲ್ಲ, ಎಲ್ಲ ಸಾಮಾನ್ಯ ಸೈನಿಕರದು. ಅದಕ್ಕೆ ಹೆಸರೇ ಇಲ್ಲ. ಆದರೆ ಅದನ್ನು ಮಾಡುವಾಗ ಶಿಲ್ಪಿ ಯೂನಿಫಾರ್ಮ್ ಹಾಕಿಸಿ ಎದುರಿಗೆ ನಿಲ್ಲಿಸಿಕೊಂಡಿದ್ದು ನನ್ನ ಗಂಡನನ್ನು. “ಯಾರ ಮುಂದೂ ಹೇಳಬ್ಯಾಡವ್ವಾ,” ಎಂದು ನನ್ನ ಗಂಡ ತಾಕೀತು ಮಾಡಿದ್ದರು. ಅತ್ತೆ ಬಾಯಿ ಬಿಗಿಹಿಡಿದು ಒಳಗೊಳಗೇ ಬೇಯುತ್ತಿದ್ದರು: “ಮಾರಿ ನನ್ನ ಮಗನ್ದು, ಮೆರೆಯೋದು ಆಕಿ.”

ಈ ವರ್ಷ ತಡೆಯಲಾಗಲಿಲ್ಲ. ಯಾರೂ ಕರೆಯದಿದ್ದರೂ ಜರಿಯಂಚಿನ ಸೀರೆ ಉಟ್ಟು, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಪ್ರತಿಮೆಯನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು.

ಹೊನ್ನೂರಮ್ಮ ಹಾರ ಹಿಡಿದು ಮೆಟ್ಟಿಲು ಹತ್ತಿ, ಪ್ರತಿಮೆಯ ಕೆನ್ನೆ ಸವರಿ, “ನನ್ನ ಕನಕಾ, ಬಿಸಲಾಗ ನಿಂತು ಸೊರಗೀಯಲ್ಲೋ,” ಎಂದರು. ಅಷ್ಟೇ ಸಾಕಾಯಿತು ನಮ್ಮತ್ತೆಗೆ.

“ಏ, ಅದು ನನ್ನ ಹುಲುಗೇಶಿ ಮಾರಿ! ಬೇಕಾದ್ರ ಮಾಡಿದೋನ್ನೇ ಕೇಳ್ರಿ!”

ಜನ ತಿರುಗಿ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಹೊನ್ನೂರಮ್ಮ ಎತ್ತಿದ ಕೈ ಇಳಿಸಿ ಪ್ರತಿಮೆಯ ಮುಖವನ್ನೇ ನೋಡುತ್ತ ನಿಂತರು. ಹುಲುಗೇಶನನ್ನು ಸಣ್ಣವನಿದ್ದಾಗಿನಿಂದ ಕಂಡವರು, ಆ ಮೂಗು ಗುರುತಾಗದೆ ಇರುತ್ತದೆಯೇ? ಹಾರವನ್ನು ಎದೆಗವಚಿಕೊಂಡು ಇಳಿದು ಬಂದು, ಕೆಳಗೆ ಊದುಬತ್ತಿ ಹಚ್ಚುತ್ತಿದ್ದವನ ಕೈ ತಡೆದರು.

“ಬ್ಯಾಡ, ಆರಿಸ್ರಿ ಅದನ್ನ. ಬದುಕಿರೋ ಹುಡುಗನ ಮಾರಿಗೆ ಹಾರ ಹಾಕಿ ಊದುಬತ್ತಿ ಬೆಳಗಬಾರ್ದು. ಬಸಕ್ಕಾ, ಹೋದ ವರ್ಷನೂ ಗೊತ್ತಿಲ್ದ ಹಾಕೀನಿ. ತಪ್ಪು ತಿಳೀಬ್ಯಾಡವಾ.”

ಹೆಗಲ ಮೇಲಿದ್ದ ಶಾಲನ್ನು ತೆಗೆದು ಅತ್ತೆಗೆ ಹೊದಿಸಿದರು. ಕೈಹಿಡಿದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಅತ್ತೆ ಇಷ್ಟು ದಿನ ಹೊಟ್ಟೆ ಉರಿದುಕೊಂಡಿದ್ದು ಇದಕ್ಕೇ ಅಲ್ಲವೇ, ಎಲ್ಲ ಸಿಕ್ಕಿತು. ಹೊನ್ನೂರಮ್ಮ ಮಾತ್ರ ಹಾರ ಹಿಡಿದು ನಿಂತೇ ಇದ್ದರು.

“ಇದನ್ನ ಈಗ ಎಲ್ಲಿ ಹಾಕ್ಲಿ?” ಎಂದು ನನ್ನನ್ನು ಕೇಳಿದರು.

ಅತ್ತೆ ದಡಕ್ಕನೆ ಎದ್ದರು.

“ಅಲ್ಲೇ ಹಾಕು ಹೋಗು. ನಾ ಹೊಟ್ಟೆಕಿಚ್ಚಿಗೆ ಸುಳ್ಳು ಬೊಗಳಿದೆ. ನನ್ನ ಮಗನ ಮೂಗು ಅಷ್ಟು ಚಂದ ಎಲ್ಲೈತಿ? ಅಂವ ನಿನ್ನ ಕನಕನೇ ಅದಾನ.”

ನಂಬಿದರೋ ಬಿಟ್ಟರೋ, ಹೊನ್ನೂರಮ್ಮ ಮತ್ತೆ ಮೆಟ್ಟಿಲು ಹತ್ತಿ ಹಾರ ಹಾಕಿದರು. ಅತ್ತೆ ಬೆನ್ನು ತಿರುಗಿಸಿ ನಿಂತು ನನ್ನ ರಟ್ಟೆ ಹಿಡಿದರು.

“ಲಲಿತಾ, ಹುಲುಗೇಶಿಗೆ ಫೋನ್ ಹಚ್ಚು. ಜಲ್ದಿ.”

ಹಚ್ಚಿಕೊಟ್ಟೆ.

“ಏನವ್ವಾ? ಡ್ಯೂಟಿ ಮ್ಯಾಲ ಅದೀನಿ, ಆಮ್ಯಾಲ ಮಾಡ್ತೀನಿ,” ಎಂದರು ನನ್ನ ಗಂಡ.

“ಇಡಬ್ಯಾಡಲೇ,” ಎಂದರು ಅತ್ತೆ. “ಏನಾರ ಮಾತಾಡು.”